ಗೊತ್ತಿಲ್ಲ ಎಂದರೆ ಎಂಟು

ಗ್ರಿಮ್ಸ್‌ಬಿಯ ಈ ಬೀದಿಯಲ್ಲಿ ಬಾಗಿಲು ನೇರ ಫುಟ್‌ಪಾತಿಗೇ ತೆರೆಯುತ್ತದೆ,
ಜಗಲಿಯಿಲ್ಲ, ಹಿಂಜರಿಯಲು ಜಾಗವಿಲ್ಲ.
ತಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಿ
ಎಂದಿದ್ದರು ತರಬೇತಿಯಲ್ಲಿ.
ಎರಡನೆಯ ಹೆಜ್ಜೆ ರಸ್ತೆಯಲ್ಲಿರುತ್ತದೆ.

ಕೊರಳಲ್ಲಿ ಗುರುತಿನ ಚೀಟಿ, ಅದರಲ್ಲಿ ನನ್ನ ಅರ್ಧ ಹೆಸರು:
ಮಂದಾಕಿನಿ ಹಿಡಿಸಲಿಲ್ಲ, ಮಂದಾ ಸಾಕಾಯಿತು.
ಮನೆಗೆ ನಲವತ್ತು ನಿಮಿಷ.
ಮುಗಿದರೆ ಅವರಿಗೆ ಹತ್ತು ಪೌಂಡಿನ ವೋಚರು,
ಮುಗಿಯದಿದ್ದರೆ ನನಗೂ ಏನಿಲ್ಲ.

ಪ್ರಶ್ನೆ ಹದಿನಾಲ್ಕು:
ಸರಕಾರದ ನೆರವು ಇಷ್ಟು ಧಾರಾಳವಾಗಿದ್ದರೆ
ಜನ ತಮ್ಮ ಕಾಲ ಮೇಲೆ ನಿಲ್ಲುವುದನ್ನೇ ಮರೆಯುತ್ತಾರೆ.
ಬಲವಾಗಿ ಒಪ್ಪಿದರೆ ಒಂದು,
ಬಲವಾಗಿ ಒಪ್ಪದಿದ್ದರೆ ಐದು,
ಗೊತ್ತಿಲ್ಲ ಎಂದರೆ ಎಂಟು.
ಎಂಟನ್ನು ಮಾತ್ರ ಓದಿ ಹೇಳುವಂತಿಲ್ಲ,
ಅವರಾಗಿಯೇ ಅಲ್ಲಿಗೆ ಬಂದರೆ ಒತ್ತಬಹುದು.
ಆರು, ಏಳು ಎಲ್ಲಿ ಹೋದವೋ ಯಾರೂ ಹೇಳಲಿಲ್ಲ.

ಹನ್ನೊಂದನೇ ನಂಬರಿನ ಕ್ಲೈವ್ ಬ್ಲಾಂಚರ್ಡ್
ಸೊಂಟಕ್ಕೆ ಪಟ್ಟಿ ಬಿಗಿದು ಬಾಗಿಲಿಗೊರಗಿ ನಿಂತವನು
ವಾಕ್ಯ ಮುಗಿಯುವ ಮೊದಲೇ 'ಒಂದು' ಎಂದ.
'ಎದುರು ಮನೆ ನೋಡು, ಹಗಲೆಲ್ಲ ಪರದೆ ಎಳೆದೇ ಇರುತ್ತೆ.'
ಎದುರು ಮನೆಯ ಹುಡುಗ ಕಣ್ಣುಜ್ಜುತ್ತ ಬಂದ,
ಮೀನಿನ ಫ್ಯಾಕ್ಟರಿಯ ರಾತ್ರಿ ಪಾಳಿ ಮೈಗಂಟಿ.
'ಒಂದು. ಅಗೋ ಆ ಹನ್ನೊಂದನೇ ನಂಬರು,
ಸೊಂಟ ನೋವಂತೆ, ಸೊಂಟ!'
ಒಂದು, ಒಂದು. ಎರಡೂ ಒತ್ತಿದೆ.

ಮೂಲೆಮನೆಯ ಮಿಸೆಸ್ ಓಡ್ಲಿಂಗ್ ಒಳಗೆ ಕರೆದರು.
ಮನೆಯೊಳಗೂ ಕೋಟು. ಕೆಟಲ್ ಹಾಕಿದೊಡನೆ
ಮೀಟರು ಕುಂಯ್ ಎಂದಿತು, ಕೇಳಿಸದವರಂತೆ ಕಪ್ಪು ತೊಳೆದರು.
ಮೂವತ್ತೊಂದು ವರ್ಷ ಐಸಿನಲ್ಲಿ ಕೈಯಿಟ್ಟು
ಕಾಡ್ ಮೀನು ಸೀಳಿದ ಬೆರಳುಗಳು,
ಈಗ ಕಪ್ಪಿನ ಹಿಡಿಯ ಆಕಾರಕ್ಕೇ ನಿಂತುಬಿಟ್ಟಿವೆ.

'ಧಾರಾಳ ಅಂದರೆ ಎಷ್ಟಮ್ಮ?'
'ನಿಮಗೆ ಹೇಗೆ ಅನಿಸುತ್ತೋ ಹಾಗೆ,' ಎಂದೆ. ಅಷ್ಟೇ ಹೇಳಬೇಕು.
ಕೈ ಕೆಸರಾದರೆ ಬಾಯಿ ಮೊಸರು:
ಮೂರನೇ ಕ್ಲಾಸಿನಲ್ಲಿ ಕಾಪಿ ಪುಸ್ತಕದ ತುಂಬ ಬರೆದಿದ್ದೆ.
ಕೈ ಐಸಾದರೆ ಏನು, ಆ ಪುಸ್ತಕದಲ್ಲಿರಲಿಲ್ಲ.

ಅವರು ಯೋಚಿಸಿದರು. ಪರದೆ ತಾನಾಗಿ ಕಪ್ಪಾಯಿತು,
ಬೆರಳು ಮುಟ್ಟಿಸಿ ಎಬ್ಬಿಸಿದೆ. ಅದೇ ಪ್ರಶ್ನೆ.
'ಯಾರಿಗೆ ಅನ್ನೋದರ ಮೇಲಿರುತ್ತೆ, ಅಲ್ವಾ?
ನಾಲ್ಕು ಹಾಕು. ಬೇಡ, ಎರಡು.
ನಮ್ಮ ರೆಜ್ ಇದ್ದಿದ್ದರೆ ಒಂದು ಅಂತಿದ್ದ,
ಕೊನೇ ಎರಡು ವರ್ಷ ಅದೇ ದುಡ್ಡಲ್ಲಿ ಉಸಿರಾಡಿದ.
ನೀನಾದರೆ ಏನು ಒತ್ತುತ್ತೀ?'

ನನ್ನ ವೀಸಾದಲ್ಲೊಂದು ಸಾಲಿದೆ:
ಸಾರ್ವಜನಿಕ ನಿಧಿಗೆ ಕೈಚಾಚುವಂತಿಲ್ಲ.
ಸಂಬಳದ ಚೀಟಿಯಲ್ಲಿ ತೆರಿಗೆಯದೂ ಒಂದು ಸಾಲಿದೆ.
'ನಮಗೆ ಅಭಿಪ್ರಾಯ ಇರಬಾರದು, ಮಿಸೆಸ್ ಓಡ್ಲಿಂಗ್.'
'ಪುಣ್ಯವಂತೆ,' ಎಂದು ನಕ್ಕರು, ಕೆಮ್ಮು ಬರುವವರೆಗೆ.

ವೋಚರು ಕೊಟ್ಟೆ. 'ಇದನ್ನ ಮೀಟರಿಗೆ ಹಾಕಬಹುದಾ?'
ಆಗುವುದಿಲ್ಲ, ಅಂಗಡಿಗೆ ಮಾತ್ರ.
ಗಡಿಯಾರದ ಹಿಂದೆ ಸಿಕ್ಕಿಸಿ,
ತಟ್ಟೆಯಲ್ಲುಳಿದ ಬಿಸ್ಕತ್ತನ್ನು ಟಿಶ್ಯೂವಿನಲ್ಲಿ ಸುತ್ತಿದರು.
ಉತ್ತರ ಕೊಟ್ಟವರಿಂದ ಏನನ್ನೂ ಪಡೆಯುವಂತಿಲ್ಲ,
ಅದೂ ತರಬೇತಿಯಲ್ಲಿತ್ತು.
ಕೈ ಚಾಚಿದೆ.

ಬಸ್‌ಸ್ಟಾಪಿನಲ್ಲಿ ಡಾಕ್ ಕಡೆಯಿಂದ ಉಪ್ಪುಗಾಳಿ.
ಕಳಿಸು ಎಂಬುದನ್ನು ಒತ್ತಿದೆ; ಇಡೀ ಬೀದಿ ಹೊರಟುಹೋಯಿತು.
ದೇಶ ಏನನ್ನುತ್ತದೆ ಎಂದು ಚೈತ್ರದ ಹೊತ್ತಿಗೆ ಪತ್ರಿಕೆಯಲ್ಲಿ ಬರುತ್ತದಂತೆ.
ಓಡ್ಲಿಂಗ್ ಅವರ ಸಾಲಿಗೆ ಕೊನೆಗೆ ಎರಡು ಒತ್ತಿದೆನೋ, ನಾಲ್ಕೋ,
ಹೋದದ್ದನ್ನು ತೆರೆದು ನೋಡಲು ಬರುವುದಿಲ್ಲ.