ಕಾಲರಿನ ಒಳಗೆ

ಅಲುಗಬೇಡ. ಬಾಯ್ತುಂಬ ಗುಂಡುಸೂಜಿ ನನಗೆ,
ಮಾತು ಅವುಗಳ ಸಂದಿಯಿಂದಲೇ ಬರಬೇಕು.
ಈ ಕಂದು ಓವರ್‌ಕೋಟಿನ ಕಾಲರು ಮಗುಚಿ ನೋಡು:
ಒಂದರ ಮೇಲೊಂದು ನಾಲ್ಕು ಬಟ್ಟೆಪಟ್ಟಿ,
ಮಸಿಯಲ್ಲಿ ಹೆಸರು. ಅಡಿಯದು ಚಹಾದ ಬಣ್ಣಕ್ಕೆ ತಿರುಗಿದೆ.
ಎಲ್ಲವನ್ನೂ ಹೊಲಿದದ್ದು ನಾನೇ. ಬಿಚ್ಚಿದ್ದು ಒಂದೂ ಇಲ್ಲ.
ಕತ್ತಿಗೆ ಒತ್ತುತ್ತದೆ ಎಂದು ಗೊಣಗದವರಿಲ್ಲ.
ಒತ್ತಲಿ. ಕಂಬ್ರಿಯಾದ ಕಡಲಗಾಳಿಗೆ ಅದೂ ಒಂದು ಅಡ್ಡ.

ಹೆರಾಲ್ಡ್ ಬರ್ಕೆಟ್. ಇಪ್ಪತ್ತೆರಡು ವರ್ಷ, ಇಲ್ಲೇ.
ಸೋಮವಾರಕ್ಕೊಂದು ಹೊಸ ನಾಟಕದ ಕಾಲ ಅದು:
ಬೆಳಿಗ್ಗೆ ಮುಂದಿನ ವಾರದ ಮಾತು ಬಾಯಿಪಾಠ,
ರಾತ್ರಿ ಈ ವಾರದ ಸಾವು.
ಬಟ್ಲರ್, ಬಿಷಪ್, ಮೊದಲಂಕದಲ್ಲೇ ವಿಷ ಕುಡಿಯುವ ಚಿಕ್ಕಪ್ಪ;
ಪ್ರೇಮಿಯ ಪಾತ್ರ ಎರಡೇ ಸಲ,
ಅದೂ ಬೇರೆಯವನಿಗೆ ಜ್ವರ ಬಂದು.
ಮಾಂಸದಂಗಡಿಯಲ್ಲಿ ‘ಇನ್‌ಸ್ಪೆಕ್ಟರೇ’ ಎಂದು ಕರೆದು
ಎರಡು ಔನ್ಸ್ ಹೆಚ್ಚಿಗೆ ತೂಗುತ್ತಿದ್ದರು.
ಅವನ ಆಸ್ತಿ ಒಂದು ಟ್ರಂಕು, ಮೂರು ಮೀಸೆ,
ಟೈಸನ್ ವಿಧವೆಯ ಮನೆಯ ಹಿಂಬದಿ ಕೋಣೆಯ ಬಾಡಿಗೆ ಚೀಟಿ.
ಸತ್ತ ವಾರ ಆಕೆ ಅವನ ಅಂಗಿಗಳನ್ನೆಲ್ಲ
ಒಗೆದು, ಗಂಜಿ ಹಾಕಿ, ನನಗೇ ತಂದುಕೊಟ್ಟಳು.
ನಾಟಕದವು ಯಾವುವು, ಅವನವು ಯಾವುವು,
ಆಕೆಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಅದರ ಮೇಲೆ ಡೆಸ್ಮಂಡ್ ಫಿಯರನ್. ಎಂಟೇ ತಿಂಗಳು.
ಕನ್ನಡಿ ಕಂಡಲ್ಲೆಲ್ಲ ನಿಲ್ಲುತ್ತಿದ್ದ ಹುಡುಗ.
ಲಂಡನ್ನಿಗೆ ಹೋದ. ಹೋಗಲೇಬೇಕಿತ್ತು, ದನಿ ಅಂಥದು.
ಆರು ವರ್ಷದ ಮೇಲೆ ಟೀವಿಯಲ್ಲಿ ಗ್ರೇವಿ ಪುಡಿಯ ಜಾಹೀರಾತು,
ಚಮಚ ನೆಕ್ಕಿ ‘ಆಹಾ’ ಎನ್ನುವ ಗಂಡ.
ಆ ಒಂದು ‘ಆಹಾ’ ಕೇಳಲು ಊರೇ ಕಾದು ಕೂತಿತ್ತು.
ಬಾಲ್ಕನಿಯ ಕೊನೇ ಸಾಲಿಗೂ ಮುಟ್ಟುವ ‘ಆಹಾ’.
ಕಲಿಸಿದವನು ಬರ್ಕೆಟ್.

ಮೂರನೆಯದು ಎಡ್ನಾ ರೆಲ್ಫ್. ಹೌದು, ಹೆಂಗಸೇ.
ಗಂಡಸರಿಬ್ಬರಿಗೆ ಮಂಗನಬಾವು, ಟಿಕೆಟು ಮಾರಿಯಾಗಿತ್ತು.
ಮಾರಿದವಳೇ ಗಲ್ಲಾ ಮುಚ್ಚಿ, ಬರ್ಕೆಟನ ಮೀಸೆ ಅಂಟಿಸಿ
ಹಡಗಿನ ಕಪ್ತಾನನಾಗಿ ಬಂದಳು.
ಒಂದು ವಾರ, ಅಷ್ಟೇ. ಮತ್ತೆ ಅದೇ ಕಿಂಡಿ, ಅದೇ ಚಿಲ್ಲರೆ.
ಆದರೆ ಅಂದಿನಿಂದ ಕಾಸು ಎಣಿಸುವಾಗ
ದೂರದ ದಡ ಹುಡುಕುವವಳಂತೆ ಕಣ್ಣು ಕಿರಿದು ಮಾಡುತ್ತಿದ್ದಳು.

ನಾಲ್ಕನೆಯವನು ನಟನಲ್ಲ. ಐಸಾಕ್ ಮಾಸಪ್,
ಕಲ್ಲಿದ್ದಲ ಗಣಿಯಲ್ಲಿ ಸಂಬಳದ ಗುಮಾಸ್ತ.
ಹಳೆಯ ಪಗಾರ ಚೀಟಿಗಳ ಬೆನ್ನಿನಲ್ಲಿ ಹನ್ನೊಂದು ನಾಟಕ ಬರೆದ.
ಹನ್ನೊಂದನ್ನೂ ಆಡಿದವರು ನಾವೇ, ಬೇರೆ ಯಾರೂ ಇಲ್ಲ.
ಒಂದು ಮಾತ್ರ ಕಾರ್ಲೈಲ್ ತನಕ ಹೋಗಿ
ಹಿಮದ ರಾತ್ರಿ ಹದಿನಾಲ್ಕು ಜನರೆದುರು ನಡುಗಿತು.
ಅವನ ಹಾಸ್ಯಕ್ಕೆ ನಗಬೇಕಾದರೆ
ನಮ್ಮ ಹಡಗುಕಟ್ಟೆಯ ಕೆಟ್ಟ ಗಡಿಯಾರದ ಗುರುತಿರಬೇಕು.
ಅಲ್ಲಿ ಯಾರಿಗಿತ್ತು?

ಒಮ್ಮೆ ನಟನ ಬಸ್ಸು ಗುಡ್ಡದ ಹಾದಿಯಲ್ಲಿ ಹೂತುಹೋಗಿ
ಮಾಸಪ್ ತಾನೇ ಈ ಕೋಟು ತೊಟ್ಟು ರಂಗಕ್ಕಿಳಿದ.
ಬರೆದವನು ತಾನೇ, ಮರೆತವನೂ ತಾನೇ.
ಪಕ್ಕದ ಪರದೆಯ ಮರೆಯಿಂದ ಒಂದೊಂದೇ ಮಾತು ಉಸುರಿದೆ,
ಹಟ ಹಿಡಿದ ಕೂಸಿಗೆ ತುತ್ತಿಟ್ಟಂತೆ.
ಪರದೆ ಬಿದ್ದ ಮೇಲೆ ಬೆವರೊರೆಸಿಕೊಂಡು ಕೇಳಿದ:
‘ಬಾಗಿಲ ಬಳಿಯ ಆ ಕೊನೆಯ ಮಾತು, ಅದು ನನ್ನದೇ?’
ನಿನ್ನದೇ ಎಂದೆ.
‘ನಿನ್ನ ಬಾಯಲ್ಲಿ ಚೆನ್ನಾಗಿತ್ತು’ ಎಂದ.
ಮೂವತ್ತು ವರ್ಷದಲ್ಲಿ ನನಗೆ ಬಂದ ವಿಮರ್ಶೆ ಅದೊಂದು.

ಗಣಿ ಮುಚ್ಚಿತು. ಚೀಟಿಗಳು ನಿಂತವು.
ಅಂಗಡಿಯಿಂದ ಬಿಳಿಹಾಳೆಯ ಕಟ್ಟು ಕೊಂಡು ತಂದನಂತೆ;
ಹಿಂಬದಿಯಲ್ಲಿ ಯಾರ ದುಡಿಮೆಯೂ ಇಲ್ಲದ ಕಾಗದದ ಮೇಲೆ
ಪೆನ್ಸಿಲ್ ಓಡಲೇ ಇಲ್ಲ.

ಆಯಿತು, ಈಗ ಇತ್ತ ತಿರುಗು. ನಡೆ ನೋಡೋಣ.
ಕೇಳಿಸಿತೇ? ಅಸ್ತರಿನೊಳಗೆ ಗಲಗಲ?
ಬರ್ಕೆಟನ ಪೆಪ್ಪರಮೆಂಟು, ಜೇಬಿನ ತೂತಿನಿಂದ ಜಾರಿದ್ದು.
ತೆಗೆಯಬಹುದು. ತೆಗೆದಿಲ್ಲ.
ತೋಳು ನಿನಗೆ ಎರಡು ಬೆರಳು ಉದ್ದ,
ಮಡಿಸಿ ಹೊಲಿಯುತ್ತೇನೆ, ಕತ್ತರಿಸುವುದಿಲ್ಲ;
ಮುಂದೆ ಬರುವವರ ಕೈ ಎಷ್ಟುದ್ದವೋ.
ಹೂಂ, ಹೆಸರು ಹೇಳು.
ಅಕ್ಷರ ಬಿಡಿಸಿ ಹೇಳು.