ಸೂಜಿಮೊನೆ

ಟ್ಯಾಂಕ್ ಮೊಹಲ್ಲಾದ ಗಲ್ಲಿ, ಹಿಟ್ಟಿನ ಗಿರಣಿಯ ಮೇಲೆ
ಮೂರು ಮಷೀನು, ಒಂದು ಕಿಟಕಿ.
ಇಲ್ಲಿ ನಾವು ಹೊಸ ಜಾಕೆಟ್ಟು ಹೊಲಿದು
ಅದಕ್ಕೆ ಅರವತ್ತು ವರ್ಷ ವಯಸ್ಸು ಮಾಡುತ್ತೇವೆ.

ಹೇಗೆ ಅಂತ ಕೇಳುತ್ತಾರೆ ಬುಲೆಟ್ ಹುಡುಗರು.
ಮೊಣಕೈಗೆ ಮರಳುಕಾಗದ, ಕಾಲರಿಗೆ ಬೂದಿ,
ತೀರ್ಥಹಳ್ಳಿಯಿಂದ ಕ್ಯಾನಿನಲ್ಲಿ ಬರುವ ಚೊಗರು ಎರಡು ಕೈ.
ಉಳಿದದ್ದಕ್ಕೆ ಶಿವಮೊಗ್ಗೆಯ ಜುಲೈ ಇದೆಯಲ್ಲ,
ಹತ್ತು ದಿನ ಗೋಡೆಗೆ ತೂಗುಹಾಕಿ ಮರೆತರೆ
ಬೂಷ್ಟು ತಾನೇ ಬಂದು ಚರಿತ್ರೆ ಬರೆಯುತ್ತದೆ.
ಒರೆಸುವುದು ನನ್ನ ಕೆಲಸ. ಸಂಬಳ ಅದಕ್ಕೇ.

ಕತ್ತರಿ ಹಿಡಿಯುವುದು ಖಲಂದರ್ ಮಾಸ್ತರು ಮಾತ್ರ.
ಮೊಳೆಗೆ ಸಿಕ್ಕಿಸಿದ ಕಂದು ಕಾಗದದ ತುಂಡುಗಳು:
ಬೆನ್ನು, ಎದೆ, ಎಡತೋಳು, ಬಲತೋಳು,
ತಲೆಯಿಲ್ಲದ ಯಾರೋ ಬಿಡಿಬಿಡಿಯಾಗಿ ನೇತಾಡಿದ ಹಾಗೆ.
ಕದ್ದದ್ದು ಅಂತ ಅವರೇ ಹೇಳುತ್ತಾರೆ, ನಗುತ್ತ.
ಜೋಗದ ಕರೆಂಟಿನ ಕೆಲಸಕ್ಕೆ ಬಂದ ಯಾವನೋ ಸಾಹೇಬ
ಜಿಪ್ಪು ಸರಿಮಾಡಲು ಕೊಟ್ಟು ಎಂಟು ದಿನ ಬರಲಿಲ್ಲ.
ಮೂರು ರಾತ್ರಿ ಬಿಚ್ಚಿದರು, ಐದು ರಾತ್ರಿ ಹೊಲಿದರು.
ಸಾಹೇಬನಿಗೆ ಗೊತ್ತಾಗಲಿಲ್ಲ. ಎರಡು ರೂಪಾಯಿ ಟಿಪ್ಪು ಕೊಟ್ಟ.

ಭದ್ರಾವತಿಯ ಏಳುಮಲೈ ನಮ್ಮದನ್ನೇ ನಕಲು ಹೊಡೆಯುತ್ತಾನೆಂದು
ಊರೆಲ್ಲ ಸುದ್ದಿ. ನಮಗಿಂತ ಐನೂರು ಕಡಿಮೆ.
ಒಮ್ಮೆ ಬಸ್ಸು ಹತ್ತಿ ಹೋಗಿ, ಗಿರಾಕಿಯ ಹಾಗೆ ನಿಂತು
ಮುಟ್ಟಿ ನೋಡಿ ಬಂದೆ:
ಅದೇ ಕಿಸೆ, ಅದೇ ಓರೆ, ಎಡತೋಳು ಅದೇ ಕಾಲಿಂಚು ಗಿಡ್ಡ.
ನಮ್ಮ ತಪ್ಪನ್ನೂ ಬಿಟ್ಟಿರಲಿಲ್ಲ ನನ್ಮಗ.

ಗಣಪತಿ ಬಿಟ್ಟ ಮಾರನೆಯ ಸೋಮವಾರ
ಅವನೇ ಮೆಟ್ಟಿಲು ಹತ್ತಿ ಬಂದ, ಬಗಲಲ್ಲಿ ಪಂಚೆಯ ಗಂಟು.
"ಸಾಬ್ರೇ, ಕಳ್ಳ ಅಂತೀರಂತೆ ನನ್ನ.
ನಿಮ್ಮದು ನಾನ್ಯಾಕೆ ಮುಟ್ಟಲಿ? ನನ್ನ ಹತ್ರ ಅಸಲಿ ಐತೆ.
ಫಾರಿನ್ನು. ಚಿಕ್ಕಮಗಳೂರು ಎಸ್ಟೇಟಲ್ಲಿ
ದೊರೆ ಬಿಟ್ಟುಹೋದದ್ದು. ಮೂರು ಸಾವಿರ ಕೊಟ್ಟೆ."
ಗಂಟು ಬಿಚ್ಚಿದ.

ಚರ್ಮ ಹಾಗೆ ಮಾಗುವುದನ್ನು ನಾನು ಕಂಡಿರಲಿಲ್ಲ.
ನಮ್ಮ ಮರಳುಕಾಗದಕ್ಕೆ ನಾಚಿಕೆಯಾಗಬೇಕು.
ಯಾರದೋ ಮೊಣಕೈ ಒರಗಿ ಒರಗಿ ಬಂದ ಹೊಳಪು,
ಬೀಡಿಕಟ್ಟಿನ ಅಳತೆಗೆ ಸಡಿಲಾದ ಬಲಗಿಸೆಯ ಬಾಯಿ,
ಕತ್ತು ನೆನೆಸಿಕೊಂಡು
ತಾನೇ ಎದ್ದು ನಿಂತ ಕಾಲರು.

ಮಾಸ್ತರು ಕನ್ನಡಕ ಹಾಕಲಿಲ್ಲ.
ಒಳಗು ಹೊರಗು ಮಾಡಿದರು. ಎಡ ಕಂಕುಳ ಹತ್ತಿರ
ಹೆಬ್ಬೆರಳು ಹೊಲಿಗೆಯ ಮೇಲೆ ನಡೆಯಿತು, ನಿಂತಿತು.
ಆಮೇಲೆ ನಾನೂ ಮುಟ್ಟಿದೆ:
ಎರಡು ಪದರದ ನಡುವೆ ಅಕ್ಕಿನುಚ್ಚಿನಷ್ಟು ಗಟ್ಟಿ.

ಈ ಕಥೆ ನನಗೆ ಬಾಯಿಪಾಠ. ಅವರ ಮೊದಲ ಜಾಕೆಟ್ಟು,
ಅಮೀನಾಬಿಯ ಬಳೆ ಅಡವಿಟ್ಟು ತಂದ ಚರ್ಮ,
ಇದ್ದೊಂದು ಸೂಜಿ ಮುರಿದು ಮೊನೆ ಒಳಗೇ ಉಳಿದದ್ದು,
ಬಿಚ್ಚಿದರೆ ಚರ್ಮ ಹಾಳೆಂದು ಹಾಗೇ ಮಾರಿದ್ದು.
ಪ್ರತಿ ರಂಜಾನಿಗೆ ಒಮ್ಮೆ ಹೇಳುತ್ತಾರೆ.

ಬಾಯಿ ತೆರೆದೆ. ಅವರ ಮಂಡಿ ನನ್ನ ಮಂಡಿಗೆ ತಾಗಿತು.
"ಅಸಲಿನೇ," ಅಂದರು. "ಒಳ್ಳೇ ಕೈ."

ಏಳುಮಲೈ ಉಬ್ಬಿಹೋದ. ಚಹಾ ತರಿಸಿದೆವು.
ಕೆಳಗೆ ಗಿರಣಿ ರಾಗಿ ಬೀಸುತ್ತಿತ್ತು, ಲೋಟದಲ್ಲಿ ಚಹಾ ನಡುಗುತ್ತಿತ್ತು.
"ಕಾಲರು ಮಾತ್ರ ನನಗೆ ಹೀಗೆ ಕೂರಲ್ಲ ಸಾಬ್ರೇ,"
ದನಿ ಇಳಿಸಿದ, ಇದನ್ನೇ ಕೇಳಲು ಬಂದವನ ಹಾಗೆ.
ಮಾಸ್ತರು ಕಾಲರು ಮಡಚಿದರು, ಬಿಟ್ಟರು, ಮತ್ತೆ ಮಡಚಿದರು.
"ನನಗೂ ಕೂರಲ್ಲ."

ಸುಳ್ಳಲ್ಲ. ಹತ್ತು ವರ್ಷದಿಂದ ಬಲಗೈ ನಡುಗುತ್ತದೆ.
ಗೋಡೆಯ ಕಾಗದವೂ ಅಂಚು ಸವೆದು
ಎರಡು ನೂಲು ಒಳಗೆ ಸರಿದಿದೆ, ಯಾವ ವರ್ಷ ಅಂತ
ನಾವು ಯಾರೂ ಬರೆದಿಟ್ಟಿಲ್ಲ.

"ಎರಡು ದಿನ ಬಿಟ್ಟುಹೋಗು," ಅಂದರು ಅವನಿಗೆ.
"ಜಿಪ್ಪು ಸರಿಮಾಡಿ ಕೊಡ್ತೀನಿ. ದುಡ್ಡು ಬೇಡ."
ಜಿಪ್ಪು ಸರಿಯಾಗೇ ಇತ್ತು. ಏಳುಮಲೈಗೂ ಗೊತ್ತಿತ್ತು.
ಬಿಟ್ಟುಹೋದ.

ಬಾಗಿಲು ಹಾಕಿದ ಮೇಲೆ ಅಂದರು:
"ಕರಿಬಸಪ್ಪ, ಕಾಗದ ಹಾಸು. ಹೊಸ ಬ್ಲೇಡು ತಗೋ.
ಸೂಜಿ ಇರೋ ಕಡೆ ಬಿಚ್ಚಬೇಡ."