ಸಾಣೆಯವನ ಪಾಲು

ಲಿಸ್ಬನ್ನಿನ ಮೂರನೇ ಮಹಡಿಯಲ್ಲಿ ನನ್ನ ಮೇಜು.
ಮೂವತ್ತೊಂದು ವರ್ಷದಿಂದ ಹಾಡುಗಳಿಗೆ ಬಟವಾಡೆ ಮಾಡುತ್ತೇನೆ,
ಒಂದನ್ನೂ ಕೇಳದೆ.
ಅಕ್ಕಿ ಮಂಡಿಯ ಗುಮಾಸ್ತ
ಅನ್ನ ಬೇಯಿಸಬೇಕೆಂದೇನಿಲ್ಲವಲ್ಲ.
ಹಾಡೆಂದರೆ ಎಡಕ್ಕೆ ಒಂಬತ್ತು ಅಂಕಿ, ಬಲಕ್ಕೆ ಹಣ,
ನಡುವೆ ಒಂದು ಗೆರೆ.

ನಾನು ಸೇರುವ ಮೊದಲು ಗ್ರಾಮಫೋನ್ ತಟ್ಟೆಗಿಷ್ಟು ಎಂದಿತ್ತು,
ಆಮೇಲೆ ಕ್ಯಾಸೆಟ್ಟಿಗಿಷ್ಟು.
ಸೀಡಿ ಬಂದಾಗ ನಿರ್ದೇಶಕರು ಕಾರು ಬದಲಿಸಿದರು,
ಸೀಡಿ ಹೋದಾಗ ಕಾರು ಉಳಿಯಿತು.
ಈಗ ಮೂವತ್ತು ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ;
ಇಪ್ಪತ್ತೊಂಬತ್ತಕ್ಕೇ ಬೆರಳು ಜಾರಿತೋ
ಅದು ಕೇಳಿದ್ದೇ ಅಲ್ಲ.
ಅದಕ್ಕೇ ಈಚಿನ ಹಾಡುಗಳು
ಬಾಗಿಲಲ್ಲೇ ಕೈಹಿಡಿದು ಒಳಗೆಳೆಯುತ್ತವೆ,
ಕೊಡೆ ಮಡಚಲೂ ಪುರುಸೊತ್ತು ಕೊಡುವುದಿಲ್ಲ
ಎನ್ನುತ್ತಾಳೆ ಪಕ್ಕದ ಮೇಜಿನ ಲೂರ್ದಸ್.
ಅವಳು ಕೇಳುತ್ತಾಳೆ.

ನವೆಂಬರಿನಲ್ಲಿ ಬಂದಳು ಎರ್ಮೀನಿಯ,
ಅಕಾರ್ಡಿಯನ್ನಿನ ತೆಯೋಫಿಲು ಬ್ರಿತುವಿನ ವಿಧವೆ.
ಕೈಯಲ್ಲಿ ನಾವೇ ಕಳಿಸಿದ ಲಕೋಟೆ:
ಹನ್ನೊಂದು ಯೂರೋ, ನಾಲ್ಕು ಸೆಂಟು.
ಕಡಿಮೆಯಾಯಿತೆನ್ನಲು ಬಂದಿದ್ದಾಳೆ, ಎಲ್ಲರ ಹಾಗೆ,
ಎಂದುಕೊಂಡು ಕುರ್ಚಿ ತೋರಿಸಿದೆ.
"ಇದು ನಮ್ಮದಲ್ಲ," ಎಂದಳು.
"ಸಾಣೆ ಹಿಡಿಯುವವನದು."

ಐವತ್ತಾರನೇ ಇಸವಿ. ಓಣಿಯಲ್ಲಿ ಸೈಕಲ್ಲು ತಳ್ಳುತ್ತ
ಪುಟ್ಟ ಕೊಳಲು ಊದುತ್ತಾ ಬರುತ್ತಿದ್ದನಂತೆ.
ಗಂಡ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ
ಕಿಟಕಿಗೆ ಓಡಿ, ಅಕಾರ್ಡಿಯನ್ನಿನಲ್ಲಿ ಅವನ ಬೆನ್ನು ಹತ್ತುತ್ತಿದ್ದ.
"ನಾನು ಅವನನ್ನು ನಿಲ್ಲಿಸಿಕೊಳ್ಳಲು ಪ್ರತಿ ವಾರ
ಅದೇ ಕತ್ತರಿ ಒಯ್ಯುತ್ತಿದ್ದೆ.
ಸಾಣೆಗೆ ಸವೆದೂ ಸವೆದೂ ಮೀನಿನ ಮುಳ್ಳಾಯಿತು."

ಅವನ ಹೆಸರು? ಕೇಳಿದೆ.
ವಿಳಾಸ? ವಾರಸುದಾರರು?
"ಗಲೀಸಿಯ ಕಡೆಯವನಂತೆ.
ಅವನು ಊದಿದರೆ ಮಳೆ ಗ್ಯಾರಂಟಿ ಎನ್ನುತ್ತಿದ್ದರು."
ನಮ್ಮ ಫಾರಮಿನಲ್ಲಿ ಮಳೆಗೆ ಕಾಲಂ ಇಲ್ಲ.
ಇಂಥ ಅರ್ಜಿಗಳು ವರ್ಷಗಟ್ಟಲೆ ರಾಗ ಎಳೆಯುತ್ತವೆ, ಅಮ್ಮಾ,
ಎಂದೆ. ಎಂದ ಮೇಲೆ ನನಗೇ ಕೇಳಿಸಿತು:
ಈ ಕಟ್ಟಡದಲ್ಲಿ ರಾಗ ಎಳೆಯುವುದು ಅರ್ಜಿಗಳು ಮಾತ್ರ.

ಅವಳು ಗುನುಗತೊಡಗಿದಳು.
ಕೆಮ್ಮಿದಳು, ಮತ್ತೆ ಮೊದಲಿಂದ.
ಒಂಬತ್ತು ಅಂಕಿಗೆ ಉಸಿರು ಬಂತು.
ಲೂರ್ದಸ್ ಕೀಲಿಮಣೆಯಿಂದ ಬೆರಳೆತ್ತಿದಳು.

"ಇಲ್ಲಿಗೆ," ಮೇಜಿನ ಅಂಚಿನ ಮೇಲೆ ಉಗುರು ಗೀರಿದಳು,
"ಇಲ್ಲಿಗೆ ಕಂಪನಿಯವನು ಕೈ ಎತ್ತಿದ. ಮೂರು ನಿಮಿಷ.
ತಟ್ಟೆಯಲ್ಲಿ ಜಾಗವಿಲ್ಲ.
ಆಮೇಲೆ ಮನೆಯಲ್ಲೂ ಇಷ್ಟೇ ನುಡಿಸುತ್ತಿದ್ದ.
ಕೊನೆಗೆ ಅವನಿಗೇ ಮರೆತುಹೋಯಿತು.
ಉಳಿದದ್ದನ್ನು ನಾನು ಸಾರು ಕುದಿಯುವಾಗ..."
ಎಂದು ಉಳಿದದ್ದನ್ನೂ ಗುನುಗಿದಳು.

ಅದು ಮುಗಿಯುವುದಿಲ್ಲ.
ಸಣ್ಣಗಾಗುತ್ತದೆ. ಇಳಿಜಾರು ಇಳಿಯುತ್ತದೆ,
ಕಲ್ಲುಹಾಸಿನ ಮೇಲೆ ಒಂದು ಚಕ್ರ ಕುಲುಕುತ್ತದೆ,
ಮೂಲೆ ತಿರುಗುತ್ತದೆ, ಇನ್ನೂ ಇದೆ,
ಇನ್ನೂ
ಇದೆ ಎನ್ನಿಸುತ್ತದೆ.

ನಾನು ಗಡಿಯಾರ ನೋಡಿದೆ. ಅಭ್ಯಾಸ.

ಲಕೋಟೆ ಬಿಟ್ಟು ಹೋದಳು.
ಹನ್ನೊಂದು ಯೂರೋ ನಾಲ್ಕು ಸೆಂಟನ್ನು
ಅನಾಮತ್ತು ಖಾತೆಗೆ ಜಮೆ ಮಾಡಿದೆ;
ಪಡೆಯುವವರ ಹೆಸರಿದ್ದಲ್ಲಿ ಗೆರೆ ಎಳೆದೆ.

ಆ ಸಂಜೆ ನನ್ನ ಬೀದಿಯ ಏರಿನಲ್ಲಿ
ತುಟಿ ತಾನಾಗಿ ಗುಂಡಗಾಗಿತ್ತು, ಗೊತ್ತಾಗಲಿಲ್ಲ.
ಆಕಾಶ ತಿಳಿಯಾಗಿತ್ತು, ಒಂದು ಚೂರು ಮೋಡವಿಲ್ಲ.
ಎರಡನೇ ಅಂತಸ್ತಿನಲ್ಲಿ ಕಿಟಕಿ ತೆರೆಯಿತು.
ಮುದುಕಿಯೊಬ್ಬಳು ಮೇಲೆ ನೋಡಿದಳು, ನನ್ನನ್ನು ನೋಡಿದಳು,
ಗಡಿಬಿಡಿಯಲ್ಲಿ
ಹಗ್ಗದ ಮೇಲಿನ ಬಟ್ಟೆ ಒಳಗೆಳೆದುಕೊಂಡಳು.